ಬೈಂಡ್ ತೆಗೆದ ಪುಸ್ತಕ

ನನ್ನ ಅಕ್ಕ ಒಂದು ಸಣ್ಣ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಬಿಜೈಯಲ್ಲಿ ಸರಕಾರಿ ಬಸ್ ನಿಲ್ದಾಣದ ಹಿಂಬದಿ, ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ ಅದು ಇದೆ. ಕೆಳಗೆ ಬ್ಯಾಟರಿ ಅಂಗಡಿ. ಮೆಟ್ಟಿಲು ಹತ್ತುವಾಗ ಆಸಿಡ್ ವಾಸನೆ, ಬಾಗಿಲು ದಾಟಿದರೆ ಹಳೆಯ ಕಾಗದದ ವಾಸನೆ. ಆ ಗ್ರಂಥಾಲಯ ಮುಚ್ಚದೆ ಉಳಿದದ್ದು ನಾನು ಮಾಡಿದ ಒಂದು ವಿಡಿಯೊದಿಂದ. ಅದೇ ವಿಡಿಯೊದಿಂದ ಒಬ್ಬ ಹೆಂಗಸಿನ ಕೈಯಿಂದ ಅವಳ ಮಗ ತಪ್ಪಿಹೋದ. ಮೊದಲನೆಯ ಸಂಗತಿಯನ್ನು ಇವತ್ತಿಗೂ ಜನ ನನ್ನ ಬೆನ್ನು ತಟ್ಟಿ ಹೇಳುತ್ತಾರೆ. ಎರಡನೆಯದನ್ನು ನಾನೇ ಹೇಳಬೇಕು.

ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಬಡತನದಿಂದ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಅಕ್ಕ ಅದೇ ಮನೆಯಲ್ಲಿ ಅದೇ ಗಂಜಿ ಉಂಡು ಬಲ್ಮಠದ ಕಾಲೇಜಿಗೆ ಹೋದಳು, ಆಮೇಲೆ ಗ್ರಂಥಾಲಯದ್ದೇ ಒಂದು ಕೋರ್ಸ್ ಮಾಡಿದಳು. ನನಗೆ ಅಕ್ಷರಗಳು ಬೇಗ ಕೂಡಿ ಬರುತ್ತಿರಲಿಲ್ಲ, ಕೂತು ಕೂಡಿಸುವ ತಾಳ್ಮೆಯೂ ಇರಲಿಲ್ಲ. ಬೈಕಂಪಾಡಿಯ ಗೋದಾಮಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದೆ. ಬೆನ್ನು ಹಿಡಿದ ಮೇಲೆ ಅದನ್ನು ಬಿಟ್ಟು, ಸ್ಕೂಟರಿನಲ್ಲಿ ಹೋಟೆಲುಗಳ ಊಟವನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಹಿಡಿದೆ. ನಮ್ಮ ಮನೆಗೆ ಬಂದವರು ಅಕ್ಕನ ಹತ್ತಿರ ಯಾವ ಪುಸ್ತಕ ಓದಬೇಕು ಎಂದು ಕೇಳುತ್ತಿದ್ದರು. ನನ್ನ ಹತ್ತಿರ ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳುತ್ತಿದ್ದರು. ಅಕ್ಕ ಯಾವತ್ತೂ ನನ್ನನ್ನು ಕೀಳಾಗಿ ಕಂಡವಳಲ್ಲ. ಆದರೂ ಆ ಚಪ್ಪಲಿಯ ಮಾತು ನನ್ನೊಳಗೆ ಕೂತುಬಿಟ್ಟಿತ್ತು.

ನಮ್ಮ ಮನೆಮಾತು ತುಳು. ಇದನ್ನು ಕನ್ನಡದಲ್ಲಿ ಮೊಬೈಲಿಗೆ ಬಾಯಲ್ಲಿ ಹೇಳಿ, ಅದು ಬರೆದುಕೊಟ್ಟದ್ದನ್ನು ತಿದ್ದಿ ತಿದ್ದಿ ಮಾಡಿದ್ದೇನೆ. ಮೊಬೈಲಿನ ಕೆಲಸ ಒಂದು ನನಗೆ ಚೆನ್ನಾಗಿ ಬರುತ್ತದೆ. ಹೋಟೆಲಿನ ಹೊರಗೆ ಪಾರ್ಸೆಲಿಗೆ ಕಾಯುವಾಗ ಹೊತ್ತು ಕಳೆಯಲು ರೀಲ್ಸ್ ಮಾಡುತ್ತಿದ್ದೆ. ಬಸ್ ಕಂಡಕ್ಟರ್, ಮೀನು ಮಾರುವ ಬಾಯಮ್ಮ, ಮದುವೆ ಊಟದಲ್ಲಿ ಕೊಂಕು ಹುಡುಕುವ ಮಾವ, ಎಲ್ಲರ ಸ್ವರವನ್ನೂ ನಾನೇ ಮಾಡುತ್ತಿದ್ದೆ. ನೋಡುವವರು ಬಹಳ ಜನ ಆದರು. ಸಿಗ್ನಲಿನಲ್ಲಿ ಪಕ್ಕದ ಸ್ಕೂಟರಿನವರು "ಓ, ರೀಲ್ಸ್ ಅಣ್ಣ!" ಎಂದು ಕೈ ಎತ್ತುತ್ತಿದ್ದರು. ಗೋದಾಮಿನಲ್ಲಿ ಅಷ್ಟು ವರ್ಷ ದುಡಿದಾಗ ನನಗೆ ಯಾರೂ ಕೈ ಎತ್ತಿರಲಿಲ್ಲ.

ಗ್ರಂಥಾಲಯ ಒಂದು ಟ್ರಸ್ಟಿಗೆ ಸೇರಿದ್ದು. ಅದರ ಅಧ್ಯಕ್ಷರು ಹೋಟೆಲುಗಳಿರುವ ದೊಡ್ಡ ಮನೆತನದವರು. ಅವರ ತಂದೆಯ ಕಾಲದಲ್ಲಿ ತೆರೆದ ವಾಚನಾಲಯ ಅದು. ಒಂದು ದಿನ ಅವರು ಮೆಟ್ಟಿಲು ಹತ್ತಿ ಬಂದು, ಖಾಲಿ ಕುರ್ಚಿಗಳ ಸಾಲು ನೋಡಿ, ಅಕ್ಕನಿಗೆ ಹೇಳಿದರಂತೆ (ಗ್ರಂಥಾಲಯಕ್ಕೆ ಬರುವವರೆಲ್ಲ ಅಕ್ಕನನ್ನು ಟೀಚರ್ ಎಂದೇ ಕರೆಯುವುದು):

"ಟೀಚರ್, ಬೇಜಾರು ಮಾಡ್ಬೇಡಿ. ಪೇಪರ್ ಓದ್ಲಿಕ್ಕೆ ಬರುವ ನಾಲ್ಕು ಮುದುಕರಿಗೆ ಇಷ್ಟು ದೊಡ್ಡ ರೂಮು ಯಾಕೆ? ಕೊರಿಯರಿನವರು ಕೇಳ್ತಾ ಇದ್ದಾರೆ."

"ಆ ನಾಲ್ಕು ಮುದುಕರಲ್ಲಿ ನಿಮ್ಮ ಮಾವ ಕೂಡ ಒಬ್ಬರು."

"ಅವರಿಗೆ ಮನೆಯಲ್ಲಿ ಪೇಪರ್ ಇಲ್ವಾ? ನಮ್ಮ ಅತ್ತೆಯ ಬಾಯಿಗೆ ಹೆದರಿ ಇಲ್ಲಿ ಬಂದು ಕೂತ್ಕೊಳ್ಳುವುದು ಮಾರಾಯ್ರೆ. ಈ ವರ್ಷ ನೋಡುವ. ಜನ ಬಂದ್ರೆ ಉಂಟು, ಇಲ್ಲದಿದ್ರೆ ಬಂದ್."

ಅವತ್ತು ನಾನು ಊಟಕ್ಕೆ ಕೂತಿದ್ದಾಗ ಅಕ್ಕ ಎದುರಿಗೆ ಬಂದು ಕುಳಿತಳು.

"ನಿನ್ನ ಆ ಮಂಗನಾಟ ನೋಡ್ಲಿಕ್ಕೆ ಅಷ್ಟು ಜನ ಉಂಟಲ್ಲ. ಪುಸ್ತಕಕ್ಕೆ ಯಾಕೆ ಇಲ್ಲ?"

"ಪುಸ್ತಕ ಮಂಗನಾಟ ಮಾಡುದಿಲ್ಲ ಅಲ್ವಾ."

"ಹಾಗಾದ್ರೆ ನೀನು ಮಾಡಿಸು."

ಹಾಗೆ ಶುರುವಾಯಿತು. ಗ್ರಂಥಾಲಯಕ್ಕೊಂದು ಪೇಜ್ ಮಾಡಿದೆ. ಓದುಗರದ್ದೊಂದು ವಾಟ್ಸಾಪ್ ಗ್ರೂಪ್ ಕಟ್ಟಿದೆವು. ಹೊಸ ಪುಸ್ತಕ ಬಂದ ದಿನ ನಾನು ಬಾಯಮ್ಮನ ಸ್ವರದಲ್ಲಿ "ತಾಜಾ ಬಂದಿದೆ, ಕಿವಿರು ಎತ್ತಿ ನೋಡಿ" ಎಂದು ಪುಸ್ತಕದ ಪುಟ ಬಿಡಿಸಿ ತೋರಿಸಿದ ರೀಲನ್ನು ಅಕ್ಕನೂ ನಕ್ಕು ನಕ್ಕು ನೋಡಿದಳು. ಮೆಟ್ಟಿಲು ಹತ್ತಲಾಗದವರು, ಮನೆ ಬಿಟ್ಟು ಬರಲಾಗದವರು ಪುಸ್ತಕದ ಹೆಸರನ್ನು ಮೆಸೇಜ್ ಮಾಡಿದರೆ ಸಾಕು, ಊಟ ಮುಟ್ಟಿಸುವ ದಾರಿಯಲ್ಲಿ ನಾನೇ ಅದನ್ನೂ ಮುಟ್ಟಿಸುತ್ತೇನೆ ಎಂದು ಹೇಳಿದೆವು. ಅದು ನನ್ನದೇ ಉಪಾಯ. ಒಂದೊಂದೇ ಮೆಸೇಜ್ ಬರತೊಡಗಿತು.

ಮನೆಗೆ ಹೋಗುವ ಪುಸ್ತಕಗಳಿಗೆ ಅಕ್ಕ ಹಳೆಯ ದಿನಪತ್ರಿಕೆಯಿಂದ ಬೈಂಡ್ ಹಾಕುತ್ತಿದ್ದಳು. ಶಾಲೆ ಶುರುವಾಗುವಾಗ ಮಕ್ಕಳ ಪುಸ್ತಕಗಳಿಗೆ ಹೊದಿಕೆ ಹಾಕುತ್ತೇವಲ್ಲ, ಹಾಗೆಯೇ. ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರ್ ಮಾತ್ರ. ಹೆಸರು ಇಲ್ಲ. ನಾನು ಅದು ಪುಸ್ತಕ ಹಾಳಾಗಬಾರದೆಂದು ಹಾಕುವುದು ಎಂದುಕೊಂಡಿದ್ದೆ. ಕೇಳಿದಾಗ ಅವಳು ಹೇಳಿದಳು:

"ಯಾರು ಯಾವ ಪುಸ್ತಕ ಓದ್ತಾರೆ ಎನ್ನುವುದು ಡಾಕ್ಟ್ರ ಚೀಟಿ ಇದ್ದ ಹಾಗೆ. ಊರಿಗೆ ತೋರಿಸುವಂಥದ್ದಲ್ಲ. ಇಲ್ಲಿಗೆ ಬಂದು ಓದುವವರು ಇಲ್ಲೇ ಇಟ್ಟು ಹೋಗ್ತಾರೆ. ಮನೆಗೆ ತರಿಸುವವರ ಮನೆಯಲ್ಲಿ ಅತ್ತೆ ಇರ್ತಾರೆ, ಭಾವ ಇರ್ತಾರೆ. ನೀನು ವಿಡಿಯೊ ಮಾಡುವುದಾದ್ರೆ ಮಾಡು. ಆದ್ರೆ ಕೇಳದೆ ಮಾಡ್ಬೇಡ, ಮುಖ ತೆಗಿಬೇಡ, ಯಾರ ಕೈಯಲ್ಲಿ ಯಾವ ಪುಸ್ತಕ ಅಂತ ಗೊತ್ತಾಗ್ಬಾರ್ದು."

ನಾನು ತಲೆ ಆಡಿಸಿದೆ. ಆದರೆ ಬೈಂಡ್ ಹಾಕಿದ ಪುಸ್ತಕ ಕ್ಯಾಮೆರಾಕ್ಕೆ ಒಳ್ಳೆಯದಲ್ಲ. ಅಂಗಡಿಯಲ್ಲಿ ಬಜ್ಜಿ ಕಟ್ಟಿಕೊಟ್ಟ ಹಾಗೆ ಬೂದು ಬಣ್ಣದ ಒಂದು ಪೊಟ್ಟಣ ಅಷ್ಟೆ. ಮನೆಗೆ ಪುಸ್ತಕ ಕೊಂಡುಹೋಗುವ ಮೊದಲ ವಿಡಿಯೊ ಹಾಕಿದಾಗ ಒಬ್ಬ ಕೆಳಗೆ ಬರೆದ: "ಅಣ್ಣ, ಗೋಳಿಬಜೆ ಪ್ಲೇಟಿಗೆ ಎಷ್ಟು?" ಅದಕ್ಕೆ ಇನ್ನೊಬ್ಬ: "ಚಟ್ನಿ ಉಂಟಾ ಕೇಳು ಮಾರಾಯ." ಜನ ನಕ್ಕರು. ಪುಸ್ತಕ ಯಾರೂ ಕೇಳಲಿಲ್ಲ. ನಗಿಸುವುದು ನನ್ನ ಕೆಲಸ, ಆದರೆ ಆ ನಗು ನನ್ನ ಮೇಲೆ ಬಂದದ್ದು ನನಗೆ ತಡೆಯಲಾಗಲಿಲ್ಲ.

ಆ ಹೆಂಗಸಿನ ಮನೆ ಗ್ರಂಥಾಲಯದಿಂದ ದೂರವೇನೂ ಇಲ್ಲ. ಮೊದಲು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದವಳು. ಮದುವೆಯ ನಂತರ ಬಿಡಿಸಿದ್ದರು. ಗಂಡ ಗಲ್ಫಿನಲ್ಲಿ. ಮನೆಯಲ್ಲಿ ಅತ್ತೆ, ಗಂಡನ ಅಣ್ಣನ ಸಂಸಾರ, ಇವಳು ಮತ್ತು ಇವಳ ಸಣ್ಣ ಮಗ. ಅಡುಗೆ ಪುಸ್ತಕ, ಮಕ್ಕಳ ಕಥೆಯ ಪುಸ್ತಕ ಎಂದು ತರಿಸುತ್ತಿದ್ದಳು. ನಾನು ಗೇಟಿನ ಹೊರಗೆ ಹಾರ್ನ್ ಮಾಡಿದರೆ ಅವಳೇ ಬಂದು ತೆಗೆದುಕೊಳ್ಳುತ್ತಿದ್ದಳು. ಒಂದು ಮಾತು ಹೆಚ್ಚಿಲ್ಲ. ಅವಳ ಬಗ್ಗೆ ಅಕ್ಕನಿಗೆ ಗೊತ್ತಿದ್ದದ್ದು ನನಗೆ ಆಗ ಗೊತ್ತಿರಲಿಲ್ಲ. ಗಂಡ ರಜೆಯಲ್ಲಿ ಬಂದಾಗಲೆಲ್ಲ ಹೊಡೆಯುತ್ತಿದ್ದ. ಅವನು ಮುಂದಿನ ರಜೆಗೆ ಬರುವ ಮೊದಲು ಮಗನನ್ನು ಕರೆದುಕೊಂಡು ತಾಯಿಮನೆಗೆ ಹೋಗಬೇಕು, ಅದಕ್ಕೆ ಮೊದಲು ಕಾನೂನು ಏನು ಹೇಳುತ್ತದೆ ಎಂದು ತಿಳಿದುಕೊಳ್ಳಬೇಕು ಎಂದು ಅವಳು ಅಕ್ಕನಿಗೆ ಮೆಸೇಜ್ ಮಾಡಿ, ಅಕ್ಕ ಓದಿದ ಕೂಡಲೇ ಅಳಿಸುತ್ತಿದ್ದಳು.

ಆ ದಿನ ಅಕ್ಕ ನನ್ನ ಕೈಗೆ ಎರಡು ಪುಸ್ತಕ ಕೊಟ್ಟಳು. ಎರಡಕ್ಕೂ ಬೈಂಡ್ ಇತ್ತು. ಬಸ್ ನಿಲ್ದಾಣದ ಎದುರು ಮರದ ನೆರಳಿನಲ್ಲಿ ಸ್ಕೂಟರ್ ನಿಲ್ಲಿಸಿ ನಾನು ಬೈಂಡ್ ಬಿಚ್ಚಿ ನೋಡಿದೆ. ಒಂದು ಮಕ್ಕಳ ಕಥೆ. ಇನ್ನೊಂದರ ಮುಖಪುಟ ಹಳದಿ, ಅದರ ಮೇಲೆ ದೊಡ್ಡ ಕೆಂಪು ಅಕ್ಷರ. ವಿಚ್ಛೇದನ, ಜೀವನಾಂಶ, ಮಗು ಯಾರ ಪಾಲಿಗೆ, ಹೀಗೆ ಇತ್ತು. ನನಗೆ ಓದಲು ಸ್ವಲ್ಪ ಹೊತ್ತು ಬೇಕಾಯಿತು, ಆದರೆ ಓದಿದೆ. ಓದಿ ನನಗೆ ಅನಿಸಿದ್ದು ಇಷ್ಟೇ: ಹಳದಿ ಮೇಲೆ ಕೆಂಪು, ವಿಡಿಯೊದಲ್ಲಿ ಎದ್ದು ಕಾಣುತ್ತದೆ. ದಿನಪತ್ರಿಕೆಯ ಕಾಗದವನ್ನು ಮುದ್ದೆ ಮಾಡಿ ಸೀಟಿನ ಕೆಳಗೆ ತುರುಕಿದೆ.

ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುವ ಮೊದಲೇ ಹ್ಯಾಂಡಲಿನ ಮೇಲಿನ ಮೊಬೈಲನ್ನು ಚಾಲೂ ಮಾಡಿಟ್ಟಿದ್ದೆ. ಊಟದ ಚೀಲದಿಂದ ಮೊದಲು ಬಿರಿಯಾನಿಯ ಡಬ್ಬಿ ಎತ್ತಿ ಕ್ಯಾಮೆರಾಕ್ಕೆ ತೋರಿಸಿದೆ. ಅದು ಬೇರೆಯವರದ್ದು. ಆಮೇಲೆ ಪುಸ್ತಕ ತೆಗೆದೆ. ಅವಳು ಬಂದು ಕೈ ಚಾಚಿದಳು. ಪುಸ್ತಕ ಕಂಡದ್ದೇ ಕೈ ಹಿಂದೆ ಹೋಯಿತು.

"ಇದಕ್ಕೆ ಬೈಂಡ್ ಇರ್ಲಿಲ್ವಾ?"

"ಇತ್ತು ಮೇಡಂ. ಪಾರ್ಸೆಲಿನ ಸಾರು ಚೆಲ್ಲಿ ಹಾಳಾಯ್ತು."

ಒಳಗಿನಿಂದ ಮಗುವಿನ ಸ್ವರ ಬಂತು: "ಅಮ್ಮಾ, ಯಾರದು? ನನ್ನ ಕಥೆ ಬಂತಾ?"

"ಬಂತು ಮಗಾ, ಅಲ್ಲೇ ಇರು," ಎಂದು ಅವಳು ಎರಡೂ ಪುಸ್ತಕಗಳನ್ನು ಕಸಿದ ಹಾಗೆ ತೆಗೆದುಕೊಂಡು ಶಾಲಿನ ಒಳಗೆ ಸೇರಿಸಿಕೊಂಡು ಹೋದಳು. ಹ್ಯಾಂಡಲಿನ ಮೇಲೆ ಮೊಬೈಲ್ ಇರುವುದನ್ನು ನೋಡಲಿಲ್ಲ. ನಾನು ಹೇಳಲೂ ಇಲ್ಲ.

ಮುಖ ಬಂದಿರಲಿಲ್ಲ. ಅಕ್ಕ ಹೇಳಿದ ಹಾಗೆ ಮಾಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಮಾತ್ರ, ಬಳೆ ಮಾತ್ರ. ಆ ಬಳೆಗಳು ಅವಳ ಗಂಡ ಗಲ್ಫಿನಿಂದ ತಂದದ್ದು, ಹಾವಿನ ಹೆಡೆಯ ಹಾಗೆ ಎರಡು ತುದಿ ಇರುವಂಥವು. ಅವನ್ನು ಮದುವೆಯ ದಿನ ಕೈ ಹಿಡಿದು ತಿರುಗಿಸಿ ನೋಡದ ನೆಂಟರಿರಲಿಲ್ಲ ಎಂದು ನನಗೆ ಹೇಗೆ ಗೊತ್ತಾಗಬೇಕು? ಈ ಊರಿನಲ್ಲಿ ಮುಖ ಮರೆತರೂ ಬಂಗಾರ ಮರೆಯುವುದಿಲ್ಲ. ಅಷ್ಟಾದರೂ ನನಗೆ ಗೊತ್ತಿರಬೇಕಿತ್ತು.

ಸ್ವರ ತೆಗೆದು ಹಾಡು ಹಾಕಿದೆ. "ಹಸಿವಾದ್ರೆ ಊಟ, ಬೇಜಾರಾದ್ರೆ ಪುಸ್ತಕ, ಎರಡೂ ನಿಮ್ಮ ಬಾಗಿಲಿಗೆ" ಎಂದು ಮೇಲೆ ಬರೆದೆ. ಗ್ರಂಥಾಲಯದ ಪೇಜಿನಲ್ಲಿ ಹಾಕಿದೆ. ಅಲ್ಲಿ ನೋಡುವವರು ಕಡಿಮೆಯಾದ್ದರಿಂದ ನನ್ನ ಸ್ವಂತ ಪೇಜಿನಲ್ಲಿಯೂ ಹಾಕಿದೆ.

ಅದು ಹಿಡಿಯಿತು. ಮಧ್ಯಾಹ್ನದ ಊಟ ಹಂಚಿ ಮುಗಿಯುವಷ್ಟರಲ್ಲಿ ಮೊಬೈಲ್ ಕಿಸೆಯಲ್ಲಿ ನಡುಗುತ್ತಲೇ ಇತ್ತು. ಗೋಳಿಬಜೆಯ ಮಾತು ಈಗ ಯಾರೂ ಎತ್ತಲಿಲ್ಲ. ಲೈಬ್ರರಿ ಎಲ್ಲಿ, ಸದಸ್ಯರಾಗುವುದು ಹೇಗೆ, ನಮ್ಮ ಏರಿಯಾಕ್ಕೂ ಬರ್ತೀರಾ ಎಂದು ಕೇಳುವವರೇ. ಆಗ ಅಧ್ಯಕ್ಷರ ಫೋನ್ ಬಂತು. ಅವರ ಹೋಟೆಲಿನ ಹಿಂಬಾಗಿಲಿನಲ್ಲಿ ಪಾರ್ಸೆಲಿಗೆ ಎಷ್ಟೋ ಸಲ ನಿಂತವನು ನಾನು. ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ನಮ್ಮ ಗ್ರೂಪಿನಲ್ಲೆಲ್ಲ ಅದೇ ಓಡ್ತಾ ಉಂಟು ಮಾರಾಯ. ಇನ್ನು ಬಂದ್ ಮಾಡುವ ಮಾತಿಲ್ಲ, ನಾನು ಹೇಳ್ತೇನೆ. ನೀನು ಅಕ್ಕನಿಗಿಂತ ಹುಷಾರು. ಅವಳು ಇಷ್ಟು ವರ್ಷ ಕೂತು ಆಗದ್ದನ್ನು ನೀನು ಒಂದು ಮಧ್ಯಾಹ್ನ ಮಾಡಿದೆ."

ಅಕ್ಕನಿಗಿಂತ ಹುಷಾರು. ಆ ಮಾತನ್ನು ನನ್ನ ಜೀವನದಲ್ಲಿ ಯಾರೂ ಹೇಳಿರಲಿಲ್ಲ. ನಾನು ಸ್ಕೂಟರ್ ಬದಿಗೆ ನಿಲ್ಲಿಸಿ, ನೋಡಿದವರ ಸಂಖ್ಯೆ ಎಷ್ಟಾಯಿತೆಂದು ಮತ್ತೆ ತೆರೆದು ನೋಡಿದೆ.

ಸಂಜೆ ಅಕ್ಕನ ಫೋನ್. ಸ್ವರ ಬೇರೆಯೇ ಇತ್ತು.

"ಆ ವಿಡಿಯೊ ತೆಗಿ. ಈಗಲೇ. ಬೈಂಡ್ ಯಾಕೆ ತೆಗ್ದೆ ನೀನು? ಅವಳು ಅಳ್ತಾ ಫೋನ್ ಮಾಡಿದ್ದಾಳೆ. ನೆರೆಮನೆಯವರ ಸ್ಟೇಟಸಿನಲ್ಲಿ ನೋಡಿದ್ದಂತೆ. ಅವಳ ಮನೆಯವರ ಕಣ್ಣಿಗೆ ಬಿದ್ರೆ ಮುಗೀತು, ಗೊತ್ತುಂಟಾ?"

"ಕೈ ಮಾತ್ರ ಅಲ್ವಾ ಅಕ್ಕ. ಮಲ್ಲೆ ಇಜ್ಜಿ."

ದೊಡ್ಡ ವಿಷಯ ಅಲ್ಲ ಎಂದು ತುಳುವಿನಲ್ಲಿ ನಾವು ಎಲ್ಲದಕ್ಕೂ ಹೇಳುವ ಮಾತು ಅದು.

"ಮಲ್ಲೆ ಉಂಟಾ ಇಲ್ವಾ ಅಂತ ಅವಳು ಹೇಳ್ಬೇಕು, ನೀನಲ್ಲ. ತೆಗಿ."

"ಆಯ್ತು, ತೆಗೆದೆ."

ಗ್ರಂಥಾಲಯದ ಪೇಜಿನಿಂದ ತೆಗೆದೆ. ನನ್ನ ಪೇಜಿನಿಂದ ತೆಗೆಯಲಿಲ್ಲ.

ಬೆರಳು ಅದರ ಮೇಲೆಯೇ ಇತ್ತು. ಅಳಿಸಬೇಕೇ ಎಂದು ಮೊಬೈಲ್ ಕೇಳಿತು ಕೂಡ. ನಾನು ಬೇಡ ಎಂದು ಒತ್ತಿದೆ. ಅಕ್ಕ ನನ್ನ ಪೇಜ್ ನೋಡುವವಳಲ್ಲ, ಅವಳು ಮೊಬೈಲಿನಲ್ಲಿ ನೋಡುವುದು ಗ್ರಂಥಾಲಯದ ಪೇಜ್ ಒಂದನ್ನೇ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡೆ. ಗ್ರಂಥಾಲಯ ಉಳಿಯುವುದು ಅಕ್ಕನಿಗೇ ಒಳ್ಳೆಯದಲ್ಲವೇ ಎಂದುಕೊಂಡೆ. ನಿಜ ಏನೆಂದರೆ ನೋಡಿದವರ ಸಂಖ್ಯೆ ಏರುತ್ತಿತ್ತು, ಅದು ನಿಲ್ಲುವುದು ನನಗೆ ಬೇಡವಾಗಿತ್ತು. ಮನೆಗೆ ಬಂದಾಗ ಅಕ್ಕ ಕೇಳಿದಳು, "ತೆಗೆದೆ ಅಲ್ವಾ?" ನಾನು "ಹ್ಞೂಂ" ಎಂದು ಕೈ ತೊಳೆಯಲು ಹೋದೆ.

ಬೆಳಿಗ್ಗೆ ಎದ್ದು ತೆಗೆದೆ. ಅಷ್ಟರಲ್ಲಿ ಅವಳ ಗಂಡನ ಅಣ್ಣ ರಾತ್ರಿಯೇ ನನ್ನ ಪೇಜಿನಲ್ಲಿ ಅದನ್ನು ನೋಡಿ ಆಗಿತ್ತು.

ಅವನು ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೇ ಬಂದ. ನಾನು ಆ ದಿನದ ಪುಸ್ತಕಗಳನ್ನು ತೆಗೆದುಕೊಳ್ಳಲು ಬಂದವನು ಕೆಳಗೆ ಬ್ಯಾಟರಿ ಅಂಗಡಿಯ ಎದುರು ನಿಂತಿದ್ದೆ. ಮೇಲಿನಿಂದ ಸ್ವರ ಕೇಳುತ್ತಿತ್ತು.

"ಮನೆ ಒಡೆಯುವ ಪುಸ್ತಕ ಸಪ್ಲೈ ಮಾಡುವುದಾ ನೀವು? ಲೈಬ್ರರಿ ಅಂತ ಬೋರ್ಡ್ ಯಾಕೆ? ವಕೀಲರ ಆಫೀಸು ಅಂತ ಹಾಕಿ!"

ಅಕ್ಕ ಏನೋ ಮೆಲ್ಲಗೆ ಹೇಳಿದಳು.

"ಹೆಂಗಸರು ಹೆಂಗಸರು ಸೇರಿ ಎಂತ ಮಾಡ್ತಾ ಇದ್ದೀರಿ ಅಂತ ಅವಳ ಮೊಬೈಲಿನಲ್ಲಿ ನೋಡಿದ್ದೇವೆ ನಾವು. ನಿನ್ನೆಯದ್ದು ಅಳಿಸ್ಲಿಕ್ಕೆ ಅವಳಿಗೆ ಪುರುಸೊತ್ತು ಸಿಗ್ಲಿಲ್ಲ. ನೀವು ಮದುವೆ ಆಗಿಲ್ಲ ಅಂತ ಊರಿನವರದ್ದೆಲ್ಲ ಬಿಡಿಸ್ಬೇಕಾ?"

ಪುಸ್ತಕ ನೆಲಕ್ಕೆ ಬಿದ್ದ ಸದ್ದು ಕೇಳಿತು. ಬ್ಯಾಟರಿ ಅಂಗಡಿಯವ ನನ್ನ ಮುಖ ನೋಡಿದ. "ಮೇಲೆ ಹೋಗುದಿಲ್ವಾ ನೀನು? ನಿನ್ನ ಅಕ್ಕ ಅಲ್ವಾ?" ಎಂದ. ನಾನು ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಕಂಕನಾಡಿಯವರೆಗೆ ಹೋಗಿ ರಸ್ತೆ ಬದಿ ನಿಂತು, ಮೊಬೈಲಿನಲ್ಲಿದ್ದ ಆ ವಿಡಿಯೊದ ಎಲ್ಲ ತುಂಡುಗಳನ್ನೂ ಒಂದೊಂದಾಗಿ ಅಳಿಸಿದೆ. ಪೊಲೀಸ್ ಗಿಲೀಸ್ ಆದರೆ ನನ್ನ ಹತ್ತಿರ ಏನೂ ಇರಬಾರದು ಎಂಬ ಹೆದರಿಕೆ. ಅವಳ ಬಗ್ಗೆ ಆಗಲೂ ನಾನು ಯೋಚಿಸಲಿಲ್ಲ.

ಟ್ರಸ್ಟಿನವರು ಸಭೆ ಕರೆದರು. ಅಕ್ಕ ಅವರ ಎದುರು ನಿಂತು ನನ್ನ ಪರವಾಗಿ ಮಾತನಾಡಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಅವನಿಗೆ ಅಷ್ಟು ಓದು ಬರುವುದಿಲ್ಲ ಸಾರ್. ಯಾವ ಪುಸ್ತಕ ಅಂತ ಗೊತ್ತಾಗ್ಲಿಲ್ಲ. ಹೇಳಿದ ಕೂಡಲೇ ತೆಗೆದಿದ್ದಾನೆ. ಅಷ್ಟರಲ್ಲಿ ಯಾರೋ ಡೌನ್‌ಲೋಡ್ ಮಾಡಿ ಹಂಚಿದ್ದಕ್ಕೆ ಅವನು ಎಂತ ಮಾಡ್ಲಿಕ್ಕಾಗ್ತದೆ? ತಪ್ಪು ನನ್ನದು. ಕೆಲಸ ಕೊಟ್ಟದ್ದು ನಾನು."

ಅವಳ ಮಾತಿನಲ್ಲಿ ಎರಡು ಸುಳ್ಳು ಇದ್ದವು. ಎರಡೂ ಅವಳದ್ದಲ್ಲ, ನನ್ನವು. ಯಾವ ಪುಸ್ತಕವೆಂದು ಗೊತ್ತಾಗಲಿಲ್ಲ ಎಂದೂ ಕೂಡಲೇ ತೆಗೆದೆ ಎಂದೂ ನಾನೇ ಅವಳಿಗೆ ಹೇಳಿದ್ದೆ, ಅವಳು ಅದನ್ನು ನಿಜವೆಂದೇ ನಂಬಿ ಹೇಳಿದಳು. ಓದು ಬಾರದವನು ಎಂದು ಯಾರಾದರೂ ಹೇಳಿದರೆ ಉರಿದು ಬೀಳುತ್ತಿದ್ದ ನಾನು, ಅವತ್ತು ಆ ಮಾತಿನ ಹಿಂದೆ ಅಡಗಿ ನಿಂತೆ.

ಅಧ್ಯಕ್ಷರು ನಕ್ಕುಬಿಟ್ಟರು. "ಹೋಗ್ಲಿ ಬಿಡಿ ಟೀಚರ್. ಒಂದು ಮನೆಯ ವಿಷಯ. ಜನ ಬರ್ತಾ ಇದ್ದಾರೆ ಅಲ್ವಾ?"

ಜನ ಬರುತ್ತಿದ್ದರು. ಅದು ನಿಜ. ವಿಡಿಯೊ ನೋಡಿ ಬಂದವರೇ ಹೆಚ್ಚು. ಪರೀಕ್ಷೆಗೆ ಓದುವ ಹುಡುಗಿಯರು ಕಿಟಕಿ ಬದಿ ಹಿಡಿದರು. ಮುದುಕರಿಗೆ ಕೂರಲು ಜಾಗ ಸಾಲದೆ ಜಗಳವಾಯಿತು. ಕೊರಿಯರಿನವರ ಮಾತು ಮತ್ತೆ ಬರಲಿಲ್ಲ. ಅಕ್ಕ ಪೇಜ್ ಮುಚ್ಚಿಸಿದಳು, ಮನೆಗೆ ಪುಸ್ತಕ ಕಳಿಸುವುದನ್ನೂ ನಿಲ್ಲಿಸಿದಳು. ಆ ಹೆಂಗಸಿನ ನಂಬರಿಗೆ ಫೋನ್ ಹೋಗುತ್ತಿರಲಿಲ್ಲ. ನಾನು ಆ ಓಣಿಯ ಆರ್ಡರ್ ಬಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಸಲ ತಪ್ಪಿಸಲಾಗದೆ ಹೋದಾಗ, ಆ ಗೇಟಿನ ಒಳಗೆ ಮಗುವಿನ ಮೂರು ಚಕ್ರದ ಸೈಕಲ್ ಮಗುಚಿಕೊಂಡು ಬಿದ್ದಿತ್ತು. ಹಿಂದೆ ಬರುವಾಗಲೂ ಹಾಗೆಯೇ ಇತ್ತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಅವಳ ತಾಯಿ ಗ್ರಂಥಾಲಯಕ್ಕೆ ಬಂದರು. ವಯಸ್ಸಾದವರು, ಮೆಟ್ಟಿಲು ಹತ್ತಿ ಉಸಿರು ಕಟ್ಟಿತ್ತು. ನಾನು ಅಕ್ಕನಿಗೆ ಊಟ ತಂದುಕೊಟ್ಟು ಅಲ್ಲೇ ಕುಳಿತಿದ್ದೆ. ಅವರು ಚೀಲದಿಂದ ಆ ಮಕ್ಕಳ ಕಥೆಯ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟರು.

"ಇದು ನಿಮ್ಮದಂತೆ. ಮಗಳು ಕೊಟ್ಟು ಬಾ ಅಂತ ಹೇಳಿದ್ಲು. ಅವಳ ಬಟ್ಟೆಯ ಒಟ್ಟಿಗೆ ಬಂದಿತ್ತು."

"ಅವಳು ನಿಮ್ಮಲ್ಲಿ ಇದ್ದಾಳಾ?" ಅಕ್ಕ ಎದ್ದು ನಿಂತಳು. "ಮಗ?"

"ಮಗನನ್ನು ಅಪ್ಪ ಬಂದು ಕರ್ಕೊಂಡು ಹೋದ. ಗಲ್ಫಿಗೆ. ಪಾಸ್‌ಪೋರ್ಟು, ಸರ್ಟಿಫಿಕೇಟು, ಬಂಗಾರ, ಎಲ್ಲ ಅವರ ಕೈಯಲ್ಲಿ ಉಂಟು. ಮೊಬೈಲ್ ಕೂಡ. ಇವಳನ್ನು ಒಂದು ಬ್ಯಾಗಿನೊಟ್ಟಿಗೆ ನಮ್ಮ ಗೇಟಿನ ಹತ್ರ ಬಿಟ್ಟು ಹೋದ್ರು. ಮಗುವಿನ ಸ್ವರ ಕೇಳದೆ ಎಷ್ಟು ತಿಂಗಳಾಯ್ತೋ. ಫೋನ್ ಕೊಡುದಿಲ್ಲ ಅವರು."

ಆ ತಾಯಿ ಯಾರನ್ನೂ ದೂರಲಿಲ್ಲ. ಪುಸ್ತಕದ ಮೇಲೆ ಕೈಯಾಡಿಸುತ್ತ, ಮಳೆಯ ಬಗ್ಗೆ ಹೇಳುವ ಹಾಗೆ ಹೇಳಿದರು:

"ಆ ವಿಡಿಯೊ ನೋಡಿದ ದಿನ ಸಂಜೆಯೇ ಬರ್ತೇನೆ ಅಂತ ಹೇಳಿದ್ಲು. ಮಗುವಿನ ಬಟ್ಟೆ, ಪಾಸ್‌ಪೋರ್ಟು ಎಲ್ಲ ಬ್ಯಾಗಿಗೆ ಹಾಕಿ ಆಗಿತ್ತಂತೆ. ನಾನು ರಿಕ್ಷಾ ಹೇಳಿ ಇಟ್ಟಿದ್ದೆ. ಮತ್ತೆ ಫೋನ್ ಮಾಡಿ, ಬೇಡಮ್ಮ, ಪೇಜಿನಿಂದ ವಿಡಿಯೊ ತೆಗೆದಿದ್ದಾರಂತೆ, ಹೆದರುವುದು ಬೇಡ ಅಂತ ಟೀಚರ್ ಹೇಳಿದ್ರು, ಈಗ ಓಡಿದ್ರೆ ಸುಮ್ಮನೆ ಅವರಿಗೆ ಸಂಶಯ ಬರ್ತದೆ ಅಂದ್ಲು."

ಅವರು ಹೋದ ಮೇಲೆ ಅಕ್ಕ ಅಳಲಿಲ್ಲ. ಆ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಕುಳಿತಳು. ಪತ್ರಿಕೆಯ ಮಡಿಕೆ ನೇರ ಬರಲಿಲ್ಲ. ಬಿಚ್ಚಿ ಮತ್ತೆ ಹಾಕಿದಳು.

"ನಾನೇ ಅವಳನ್ನು ನಿಲ್ಲಿಸಿದ್ದು," ಎಂದಳು. "ಹೋಗು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

ಆಗಲೂ ನಾನು ಬಾಯಿ ಬಿಡಲಿಲ್ಲ. ಇದನ್ನೇ ನಾನು ಹೇಳಬೇಕೆಂದಿದ್ದದ್ದು. ವಿಡಿಯೊ ಹಾಕಿದ್ದು ತಿಳಿಗೇಡಿತನ ಎನ್ನಿ, ರಾತ್ರಿಯಿಡೀ ಇಟ್ಟದ್ದು ದುರಾಸೆ ಎನ್ನಿ. ಆದರೆ ಅದರ ನಂತರ ದಿನಾ ಬೆಳಿಗ್ಗೆ ಅಕ್ಕನ ಮುಖ ನೋಡಿ, ಅವಳು ತನ್ನದಲ್ಲದ ತಪ್ಪನ್ನು ಹೊತ್ತು ತಿರುಗುವುದನ್ನು ನೋಡಿ, ಅವಳು ಬಡಿಸಿದ ಗಂಜಿ ಉಂಡ ನನಗೆ ಯಾವ ಹೆಸರು ಇಡಬೇಕೋ ಗೊತ್ತಿಲ್ಲ. ಅವಳು ಊಟ ಕಡಿಮೆ ಮಾಡಿದಳು. ಗ್ರಂಥಾಲಯದಲ್ಲಿ ಯಾರಾದರೂ ಪುಸ್ತಕ ಕೇಳಿದರೆ ಕೊಡುವ ಮೊದಲು ಅವರ ಮುಖವನ್ನೇ ನೋಡುತ್ತ ನಿಂತುಬಿಡುತ್ತಿದ್ದಳು. ಒಂದು ಭಾನುವಾರ, ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ ಹೇಳಿದಳು:

"ನೀನು ಬೇಜಾರು ಮಾಡ್ಬೇಡ ಆಯ್ತಾ. ನಾನು ಹೇಳಿದ ಕೂಡಲೇ ನೀನು ತೆಗೆದಿದ್ದೆ. ನಿನ್ನದು ಎಂತ ಇಲ್ಲ."

ಆಗ ಹೇಳಿದೆ. ಎಲ್ಲವನ್ನೂ. ಗ್ರಂಥಾಲಯದ ಪೇಜಿನಿಂದ ಮಾತ್ರ ತೆಗೆದದ್ದು, ಅಧ್ಯಕ್ಷರ ಫೋನ್, ಕೆಂಪು ಅಕ್ಷರ ಓದಿದ್ದು, ಕೆಳಗೆ ನಿಂತು ಕೇಳಿ ಓಡಿಹೋದದ್ದು.

ಅಕ್ಕ ಹಿಂಡಿದ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿದಳು. ಕ್ಲಿಪ್ ಹಾಕಿದಳು. ಬಕೆಟಿನಲ್ಲಿ ಉಳಿದದ್ದನ್ನೂ ಹಾಕಿ ಮುಗಿಸಿದಳು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನನಗೆ ಎಂತಕ್ಕೆ ಹೇಳ್ತೀ?" ಎಂದಳು ಕೊನೆಗೆ. "ಅವಳಿಗೆ ಹೇಳು."

ಒಳಗೆ ಹೋಗಿ ಮೊಬೈಲ್ ತಂದಳು. ಆ ತಾಯಿ ಕೊಟ್ಟು ಹೋದ ನಂಬರಿಗೆ ತಾನೇ ಕರೆ ಮಾಡಿ, "ನನ್ನ ತಮ್ಮ ನಿನ್ನ ಹತ್ರ ಮಾತಾಡ್ಲಿಕ್ಕುಂಟು," ಎಂದು ನನ್ನ ಕೈಗೆ ಕೊಟ್ಟು ಎದುರಿಗೇ ನಿಂತಳು.

ನಾನು ಹೇಳಿದೆ. ಎಷ್ಟು ಕೆಟ್ಟದಾಗಿ ಹೇಳಿದೆನೋ, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತಾಗದ ಹಾಗೆ ಹೇಳಿದೆ. ಕಟ್ ಮಾಡುತ್ತಾಳೆ ಎಂದುಕೊಂಡೆ.

"ಅಣ್ಣ," ಎಂದಳು. "ಅದು ಈಗಲೂ ಉಂಟಾ ನಿಮ್ಮ ಹತ್ರ?"

"ಯಾವುದು ಮೇಡಂ?"

"ಆ ವಿಡಿಯೊ. ಹಾಡು ಹಾಕುವ ಮೊದಲಿನದ್ದು. ನಾನು ಗೇಟಿನಲ್ಲಿ ಇರುವಾಗ ಅವನು ಒಳಗಿನಿಂದ ಕರೆದಿದ್ದ. ನನ್ನ ಕಥೆ ಬಂತಾ ಅಂತ. ನನ್ನ ಹಳೆಯ ಮೊಬೈಲಿನಲ್ಲಿ ಅವನದ್ದು ಬೇಕಾದಷ್ಟು ಇತ್ತು, ಅದು ಅವರು ಕೊಡುದಿಲ್ಲ. ನಿಮ್ಮದರಲ್ಲಿ ಅಷ್ಟಾದ್ರೂ ಇದ್ರೆ, ಕಳಿಸ್ತೀರಾ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಸ್ಪೀಕರ್ ಹಾಕಿರಲಿಲ್ಲ. ಅವಳಿಗೆ ಏನೂ ಕೇಳಿರಲಿಕ್ಕಿಲ್ಲ.

"ಇಲ್ಲ ಮೇಡಂ," ಎಂದೆ. "ಅದನ್ನು ತೆಗೆದಿದ್ದೇನೆ."